ಕಾಲುವೆ ಗೇಟಿನೆದುರು ನಿಂತ ಮೋಟಾರ್‌ಸೈಕಲ್

ಕಾಲುವೆಯ ಕೊನೇ ಗೇಟು ಕಾಯುವ ಯಂಕೋಬನಿಗೆ ಮನುಷ್ಯರ ಮುಖ ಕಂಡು ಒಂಬತ್ತು ದಿನವಾಗಿತ್ತು. ಅಂದು ಮಧ್ಯಾಹ್ನ ನೀರಾವರಿಯ ಹೊಸ ಸಾಹೇಬರ ಮೋಟಾರ್‌ಸೈಕಲ್ ಅವನ ಕೋಣೆಯೆದುರೇ ಗಕ್ಕನೆ ನಿಂತಿತು. ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು. ಎಷ್ಟು ಒದ್ದರೂ ಗಾಡಿ ಉಸಿರೆತ್ತಲಿಲ್ಲ.

"ಈಗಿಂದೀಗ ರಿಪೇರಿ ಮಾಡು! ಇಲ್ಲಾಂದ್ರೆ ವರ್ಗಾ ಮಾಡಿಸ್ತೀನಿ!" ಎಂದು ಸಾಹೇಬರು ಗುಡುಗಿದರು.

"ಮಂದಿ ಇರೋ ಊರಿಗೆ ಮಾಡಸ್ರೀ, ಪುಣ್ಯ ಬರ್ತದ," ಎಂದ ಯಂಕೋಬ.

ಟ್ಯಾಂಕಿನ ಮುಚ್ಚಳದ ಗಾಳಿತೂತಿಗೆ ಕೆಸರು ಮೆತ್ತಿದ್ದನ್ನು ಅವನು ಆಗಲೇ ನೋಡಿದ್ದ. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಕೆಳಗಿಳಿಯುತ್ತಿರಲಿಲ್ಲ. ಆದರೂ, "ಎಂಜಿನ್ ಆರಬೇಕ್ರೀ," ಎಂದು ಚಹಾ ಕಾಸಿದ. ಸಾಹೇಬರು ಮೊದಲು ಗಡಿಯಾರ ನೋಡಿದರು, ಆಮೇಲೆ ಸಿಡುಕುತ್ತ ಕೂತರು, ಕೊನೆಗೆ ಹೊಸ ಊರಲ್ಲಿ ದಿನಾ ಒಬ್ಬರೇ ಉಣ್ಣುವ ಸಂಕಟ ಹೇಳಿಕೊಂಡರು.

ಎರಡು ತಾಸಾದ ಮೇಲೆ ಯಂಕೋಬ ಸೂಜಿಯಿಂದ ಕೆಸರು ತೆಗೆದ. ನಾಲ್ಕನೇ ಒದೆತಕ್ಕೆ ಗಾಡಿ ಶುರುವಾಯಿತು.

"ಇಷ್ಟೇನಾ? ಬಂದ ಕೂಡ್ಲೇ ಯಾಕೆ ಮಾಡ್ಲಿಲ್ಲ?"

"ಮಾಡಿದ್ರ ನೀವು ಬಂದ ಕೂಡ್ಲೇ ಹೋಗಿಬಿಡ್ತಿದ್ರಿ, ಸಾಹೇಬ್ರ."

ಸಾಹೇಬರು ಬೈಯಲೆಂದು ಬಾಯಿ ತೆರೆದರು. ಬೈಗುಳ ಬರಲಿಲ್ಲ, ನಗು ಬಂತು. ಕೀಲಿ ತಿರುಗಿಸಿ, ಎಂಜಿನ್ ತಾವೇ ಆರಿಸಿ ಕೆಳಗಿಳಿದರು.