ಮೊಲ ಆರಿಸಿಕೊಂಡ ಮುಳ್ಳು

ನರಿಯ ಕಾಟಕ್ಕೆ ಬೇಸತ್ತ ಮೊಲವೊಂದು ಇನ್ನು ಆಯುಧವಿಲ್ಲದೆ ಹೊರಗೆ ಕಾಲಿಡುವುದಿಲ್ಲವೆಂದು ನಿಶ್ಚಯಿಸಿ ಮುಳ್ಳುಹಂದಿಯ ಬಿಲಕ್ಕೆ ಹೋಯಿತು. ಮುಳ್ಳುಹಂದಿ ತನ್ನ ಮೈಯಿಂದ ಉದುರಿದ ಮುಳ್ಳುಗಳನ್ನೆಲ್ಲ ಹರಡಿ, ಉದ್ದನೆಯದೊಂದನ್ನು ಎತ್ತಿಕೊಟ್ಟಿತು.

"ಇದು ಬೇಡ ಅಣ್ಣಾ," ಎಂದಿತು ಮೊಲ. "ದಿನವೂ ಮೈಮೇಲಿರಬೇಕು, ಆದರೆ ಯಾರ ಕಣ್ಣಿಗೂ ಬೀಳಬಾರದು."

"ಕಾಣದಿದ್ದರೆ ಯಾರು ಹೆದರುತ್ತಾರೆ? ನನ್ನನ್ನು ನೋಡು, ದೂರದಿಂದಲೇ ದಾರಿ ಬಿಡುತ್ತಾರೆ."

"ನಿನ್ನನ್ನು ಯಾರೂ ಮನೆಗೆ ಕರೆಯುವುದೂ ಇಲ್ಲ. ನಾನು ನಾಲ್ಕು ಜನರ ನಡುವೆ ಓಡಾಡುವವನು."

ಮೊಲ ತೀರ ಗಿಡ್ಡ ಮುಳ್ಳೊಂದನ್ನು ಆರಿಸಿ ಹೊಟ್ಟೆಯ ರೋಮದೊಳಗೆ ಸಿಕ್ಕಿಸಿಕೊಂಡಿತು. ಕೂತರೆ ಚುಚ್ಚುತ್ತಿತ್ತು. ಆದರೂ ಎದೆಯುಬ್ಬಿಸಿಕೊಂಡು, ನರಿ ಓಡಾಡುವ ದಾರಿಯಲ್ಲೇ ಹೊರಟಿತು.

ನರಿ ಎದುರಾಯಿತು. "ಇವತ್ತು ಓಡುವುದಿಲ್ಲವೇನಪ್ಪಾ?"

"ನನ್ನ ಹತ್ತಿರ ಆಯುಧವಿದೆ."

"ಎಲ್ಲಿ? ಕಾಣಿಸುತ್ತಿಲ್ಲವಲ್ಲ."

ಮೊಲ ರೋಮದೊಳಗೆ ತಡಕಾಡಿ, ಬಹಳ ಹೊತ್ತಿನ ಮೇಲೆ ಮುಳ್ಳನ್ನು ಹೊರತೆಗೆಯಿತು. ತಾಳ್ಮೆಯಿಂದ ಕಾದಿದ್ದ ನರಿ ಅದನ್ನು ಮೆಲ್ಲಗೆ ಕಿತ್ತುಕೊಂಡಿತು.

"ಸೊಗಸಾಗಿದೆ. ನನ್ನ ದವಡೆಯಲ್ಲಿ ಮೂಳೆಯ ಚೂರೊಂದು ಸಿಕ್ಕಿಕೊಂಡಿದೆ. ಅದನ್ನು ತೆಗೆದು, ಆಮೇಲೆ ನಿನ್ನನ್ನು ನೋಡಿಕೊಳ್ಳುತ್ತೇನೆ," ಎಂದು ಬಾಯಿ ಅಗಲಿಸಿ, ಕಣ್ಣು ಮುಚ್ಚಿ, ಹಲ್ಲಿನ ಸಂದು ಕೆದಕತೊಡಗಿತು. ಮೊಲ ಒಂದೇ ನೆಗೆತಕ್ಕೆ ಪೊದೆ ದಾಟಿ ಓಡಿತು.

ಸಂಜೆ ಮುಳ್ಳುಹಂದಿ ಸಿಕ್ಕಿ ಕೇಳಿತು: "ಆಯುಧ ಉಪಯೋಗಕ್ಕೆ ಬಂತೇ?"

"ಬಂತು," ಎಂದಿತು ಮೊಲ, ಇನ್ನೂ ಏದುಸಿರು ಬಿಡುತ್ತ. "ನರಿಯ ಕೈಗೆ ಹೋದ ಮೇಲೆ."