ಸುರುಳಿಯ ಸದ್ದು

ಡಾ. ಪ್ರಮೀಳಾ ಕಿತ್ತೂರ ಅವರ ಬಳಿ ತಿಪ್ಪೇಶ ಮೂರು ವರ್ಷದಿಂದ ಸಂಶೋಧನೆ ಮಾಡುತ್ತಿದ್ದ. ಎಚ್ಚರ ತಪ್ಪಿದ ರೋಗಿಗಳ ತಲೆಯ ಮೇಲೆ ತಂತಿಯ ಸುರುಳಿ ಹಿಡಿದು ಕಾಂತದ ಪೆಟ್ಟು ಕೊಡುವುದು, ಆಗ ಮಿದುಳಿನಲ್ಲಿ ಏಳುವ ಅಲೆಯನ್ನು ದಾಖಲಿಸಿಕೊಳ್ಳುವುದು. ಅಲೆ ದೊಡ್ಡದಾಗಿ ಎದ್ದರೆ ಒಳಗೆ ಎಚ್ಚರ ಉಳಿದಿದೆ ಎಂಬ ಲೆಕ್ಕ. ಇದು ಕೆಲಸ.

ಬಸ್ಸಿನಿಂದ ಬಿದ್ದ ಕಂಡಕ್ಟರ್ ಈರಪ್ಪ ನಾಲ್ಕು ತಿಂಗಳಿಂದ ಕಣ್ಣು ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಅವನ ಅಲೆ ದೊಡ್ಡದಾಗಿ ಎದ್ದಿತು. ತಿಪ್ಪೇಶ ಹಿಗ್ಗಿಹೋದ. ಹೊರಗೆ ಬೆಂಚಿನ ಮೇಲಿದ್ದ ಈರಪ್ಪನ ಹೆಂಡತಿ ನೀಲವ್ವನ ಬಳಿಗೆ ಓಡಿ, "ನಿಮ್ಮ ಯಜಮಾನರು ಉತ್ತರ ಕೊಟ್ಟರು!" ಎಂದುಬಿಟ್ಟ.

ಆಮೇಲೆ ಗುರುಗಳಿಗೆ ತೋರಿಸಿದ.

ಅವರು ಸುರುಳಿಯನ್ನು ತಲೆಯಿಂದ ಒಂದು ಗೇಣು ದೂರ ಸರಿಸಿ, ಗೋಡೆಯ ಕಡೆಗೆ ತಿರುಗಿಸಿ ಹಿಡಿದರು.

"ಈಗ ಒತ್ತು."

ಟಕ್. ಟಕ್. ಟಕ್. ಪರದೆಯ ಮೇಲೆ ಅದೇ ಅಲೆ.

"ಪೆಟ್ಟು ಗೋಡೆಗೆ ಬಿತ್ತು. ಅಲೆ ಹೇಗೆ ಬಂತು?"

ತಿಪ್ಪೇಶ ಸುರುಳಿಯನ್ನೇ ನೋಡಿದ. "ಸುರುಳಿಯ ಸದ್ದಿಗೆ..."

"ಪರೀಕ್ಷೆ ಮಾಡು."

ಈರಪ್ಪನ ಒಂದೊಂದೇ ಕಿವಿಗೆ ಇಯರ್‌ಫೋನ್ ಇಟ್ಟು ಗದ್ದಲ ತುಂಬಿ ನೋಡಿದ. ಬಲಗಿವಿ ತುಂಬಿದಾಗ ಅಲೆ ಹಾಗೇ ಎದ್ದಿತು; ಎಡಗಿವಿ ತುಂಬಿದಾಗ ಅರ್ಧಕ್ಕಿಳಿಯಿತು. ಎರಡೂ ಕಿವಿ ತುಂಬಿದಾಗ, ಸುರುಳಿಯನ್ನು ತಲೆಗೇ ಒತ್ತಿ ಹಿಡಿದರೂ ಆ ಅಲೆ ಏಳಲಿಲ್ಲ.

"ಮೂರು ವರ್ಷ ನಾನು ಸದ್ದನ್ನೇ ಅಳೆದೆನಾ, ಮೇಡಂ?"

"ನಾನು ಐದು ವರ್ಷ ಅಳೆದಿದ್ದೆ."

ತಿಪ್ಪೇಶ ಈರಪ್ಪನ ಕಡೆ ತಿರುಗಿದ. "ಆದರೆ ಇವರಿಗೆ ಕೇಳಿಸುತ್ತದೆಯಲ್ಲ?"

"ಸದ್ದು ಮುಟ್ಟುತ್ತದೆ. ಮಾತು ಮುಟ್ಟುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ."

"ನೀಲವ್ವನಿಗೆ ಏನು ಹೇಳಲಿ?"

"ಬೆಳಿಗ್ಗೆ ಹೇಳಿದ್ದನ್ನು ವಾಪಸು ತಗೋ. ನೀನೇ ಹೋಗು."

ನೀಲವ್ವ ಆಗಲೇ ಪೇಡೆ ತರಿಸಿ ವಾರ್ಡಿನವರಿಗೆಲ್ಲ ಹಂಚುತ್ತಿದ್ದಳು. ಅವನ ಕೈಗೂ ಒಂದು ಇಟ್ಟಳು.

"ತಪ್ಪು ನನ್ನದು, ಅವ್ವ," ಎಂದ ತಿಪ್ಪೇಶ. "ಅವರು ಉತ್ತರ ಕೊಟ್ಟಿಲ್ಲ. ಯಂತ್ರದ ಸದ್ದು ಕಿವಿಗೆ ಬಿದ್ದಿದೆ, ಅಷ್ಟೇ. ನಾನು ಅವಸರಪಟ್ಟೆ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. 

"ದಿನಾ ಅವರ ಜೋಡಿ ಮಾತಾಡ್ತೇನ್ರಿ. ಮಗಳ ಶಾಲಿದು, ಮನೀದು, ಎಲ್ಲಾ. ಇನ್ನ ಬಿಡ್ಲೇನು?"

 ಪೇಡೆ ಇನ್ನೂ ತಿಪ್ಪೇಶನ ಕೈಯಲ್ಲೇ ಇತ್ತು.

ಬಾಗಿಲಲ್ಲಿ ನಿಂತಿದ್ದ ಗುರು ಒಳಗೆ ಹೋಗಿ, ಸ್ಟೂಲನ್ನು ಎತ್ತಿ ತಂದು ಈರಪ್ಪನ ಹಾಸಿಗೆಯ ಎಡಗಡೆ ಇಟ್ಟರು.

"ಈ ಕಡೆ ಕೂಡ್ರಿ, ನೀಲವ್ವ. ಈ ಕಿವಿಗೆ ಸದ್ದು ಛಲೋ ಮುಟ್ತದ."