ಕಾಲಲ್ಲಿದ್ದ ಶೂ

ಗಾಲ್ಫ್ ಕ್ಲಬ್ಬಿನ ಬಾಗಿಲಲ್ಲಿ ಆಟಗಾರರ ಶೂ ಸ್ವಚ್ಛ ಮಾಡುವುದು ಕೆಂಚಯ್ಯನ ಕೆಲಸ. ಅವರು ಶೂ ಬಿಚ್ಚಿಟ್ಟು ಒಳಗೆ ಹೋಗುತ್ತಿದ್ದರು. ಇವನು ಸ್ಟೂಲಿನ ಮೇಲೆ ಕೂತು ಅಟ್ಟೆಯ ಮುಳ್ಳುಗಳ ಸಂದಿಯ ಕೆಸರು ಕೆರೆಯುತ್ತಿದ್ದ. ಇಪ್ಪತ್ತು ವರ್ಷ ಹೀಗೇ ನಡೆದಿತ್ತು.

ಒಂದು ಬೆಳಿಗ್ಗೆ ಕ್ಲಬ್ಬಿನ ಹೊಸ ಅಧ್ಯಕ್ಷ ಹರಿಪ್ರಕಾಶ್ ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರವೊಂದನ್ನು ತಂದರು. ಗುಂಡಿ ಒತ್ತಿದರೆ ಬ್ರಷ್ ಗಿರ್ರನೆ ತಿರುಗುತ್ತಿತ್ತು.

"ಇನ್ನು ಶೂ ಬಿಚ್ಚೋ ರಗಳೆ ಇಲ್ಲ. ನಾವು ನಿಂತಿರ್ತೀವಿ, ನೀನು ಬಗ್ಗಿ ಉಜ್ಜು. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ," ಎಂದು ಕೆಸರುಗಾಲನ್ನು ಮುಂದೆ ಚಾಚಿದರು. ಸುತ್ತ ನಿಂತ ಸದಸ್ಯರು ನೋಡುತ್ತಿದ್ದರು.

ಕೆಂಚಯ್ಯ ಯಂತ್ರ ತೆಗೆದುಕೊಂಡ. "ಆಗಲಿ ಸ್ವಾಮಿ. ತಮಗೆ ವಯಸ್ಸೆಷ್ಟು?"

"ನಲವತ್ತೊಂಬತ್ತು. ಅದ್ಯಾಕೆ ನಿನಗೆ?"

"ನನಗೆ ಅರವತ್ತಾಯ್ತು. ಹಿರಿಯರು ಬಗ್ಗಿ ಕಾಲು ಮುಟ್ಟಿದ್ರೆ ಕಿರಿಯರ ಆಯಸ್ಸು ಕಮ್ಮಿ ಆಗುತ್ತೆ ಅಂತ ನಮ್ಮವ್ವ ಹೇಳ್ತಿದ್ಲು. ಬಿಚ್ಚಿಟ್ಟ ಶೂಗೆ ಆ ದೋಷ ಇಲ್ಲ. ತಾವು ಅದನ್ನೆಲ್ಲ ನಂಬಲ್ಲ ಬಿಡಿ," ಎನ್ನುತ್ತಾ ಬಗ್ಗಿದ.

ಅಧ್ಯಕ್ಷರ ಕಾಲು ತಾನಾಗಿಯೇ ಹಿಂದೆ ಸರಿಯಿತು. ನಂಬುವುದಿಲ್ಲ ಎನ್ನಲು ಹೊರಟವರ ಕೈ ಎದೆಯ ಮೇಲೆ ಹೋಯಿತು. ಹೋದ ವರ್ಷವಷ್ಟೇ ಡಾಕ್ಟರು ಅವರ ಎದೆಗೆ ಸ್ಟೆಂಟ್ ಹಾಕಿದ್ದರು.

"ಕೊಡಿ ಇಲ್ಲಿ," ಎಂದರು. ಆ ಬಾಯಲ್ಲಿ ಕೆಂಚಯ್ಯ ಬಹುವಚನ ಕೇಳಿದ್ದು ಅದೇ ಮೊದಲು. ಯಂತ್ರ ಕಿತ್ತುಕೊಂಡು, ಎಲ್ಲರೆದುರು ತಾವೇ ಸೊಂಟ ಬಗ್ಗಿಸಿ ಉಜ್ಜತೊಡಗಿದರು.

ತನ್ನ ಮುಂದೆ ಬಗ್ಗಿದ ಆ ಬೆನ್ನನ್ನು ಕೆಂಚಯ್ಯ ಒಂದು ಗಳಿಗೆ ನೋಡಿದ. ಯಾಕೋ ನಗು ಬರಲಿಲ್ಲ. ಮೆಲ್ಲಗೆ ಬಲಗೈ ಎತ್ತಿದ.

"ನೂರು ವರ್ಷ ಚೆನ್ನಾಗಿ ಬಾಳಿ," ಎಂದ.